ಸಸ್ಪೆನ್ಷನ್ ಬುಷ್ ಬದಲಿಸುವವರ ಗಮನಕ್ಕೆ

ಸದಸ್ಯರೆಲ್ಲರಿಗೂ ನಮಸ್ಕಾರ. ಹಳೆಯ ಕಾರಿನ ಸಸ್ಪೆನ್ಷನ್ ರಬ್ಬರ್ ಬುಷ್‌ಗಳನ್ನು (ಚಕ್ರಗಳನ್ನು ಹಿಡಿದಿಡುವ ಭಾಗಗಳ ಕೀಲುಗಳಲ್ಲಿ ಕೂರುವ ರಬ್ಬರ್ ತುಂಡುಗಳನ್ನು) ಮನೆಯಲ್ಲೇ ಬದಲಿಸುವವರು ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ಹೋಗದೆ, ಗಟ್ಟಿ ಸ್ಟ್ಯಾಂಡ್ ಕೊಟ್ಟೇ ಕೆಲಸ ಆರಂಭಿಸಬೇಕೆಂದು ಕೋರುತ್ತೇನೆ. ಹೊಸ ಬುಷ್ ಕೂರಿಸಲು ಸೋಪಿನ ನೀರು ಸಾಕು. ಎಂಜಿನ್ ಆಯಿಲ್ ಸವರಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ.

ಬಹಳ ಜನ ತಪ್ಪುವುದು ಕೊನೆಯ ಹಂತದಲ್ಲಿ. ಚಕ್ರ ಜೋತಾಡುತ್ತಿರುವಾಗಲೇ ಬೋಲ್ಟ್ ಬಿಗಿದರೆ ಬುಷ್‌ನ ಒಳಗಿನ ಉಕ್ಕಿನ ಕೊಳವೆ ಅದೇ ಸ್ಥಿತಿಯಲ್ಲಿ ಕಚ್ಚಿಕೊಳ್ಳುವುದರಿಂದ, ಕಾರು ನೆಲಕ್ಕಿಳಿದ ಮೇಲೆ ಆ ಕೊಳವೆಗೆ ಅಂಟಿಕೊಂಡ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ನಾನು ಬಿಚ್ಚಿದ ಅಂಥ ಒಂದು ಬುಷ್ ಹೊರಗೆ ಹೊಸದರಂತೆ ಕಪ್ಪಗೆ ಹೊಳೆಯುತ್ತಿದ್ದರೂ ಕೊಳವೆಯ ಸುತ್ತ ಉಗುರು ತೂರುವಷ್ಟು ಸೀಳು ಬಿಟ್ಟಿತ್ತು. ಆದ್ದರಿಂದ ಕಾರಿನ ಪೂರ್ಣ ಭಾರ ಚಕ್ರಗಳ ಮೇಲೆ ಬಂದ ನಂತರವೇ ಕೈಪಿಡಿಯಲ್ಲಿ ಹೇಳಿರುವ ಟಾರ್ಕ್‌ಗೆ (ಬಿಗಿತದ ಪ್ರಮಾಣಕ್ಕೆ) ಬೋಲ್ಟುಗಳನ್ನು ಬಿಗಿಯಿರಿ.