ಅಪೀಲು ಕೋರ್ಟಿನ ವಿಚಾರಣೆ ಪಟ್ಟಿ ಬಗ್ಗೆ, ದಯವಿಟ್ಟು ಎಲ್ರೂ ಓದಿ

ಎಲ್ರಿಗೂ ನಮಸ್ಕಾರ. ನಮ್ಮ ಮನವಿ ವಿಚಾರ. ಅಪೀಲು ಕೋರ್ಟಲ್ಲಿ ಯಾವ ಕೇಸು ಯಾವತ್ತು, ಎಷ್ಟೊತ್ತಿಗೆ, ಯಾವ ಪೀಠದ ಮುಂದೆ ಬರುತ್ತೆ ಅನ್ನೋ ಪಟ್ಟಿನ ಮುಂಚೆನೇ ಜನಕ್ಕೆ ಸಿಗೋ ಹಾಗೆ ಹಾಕ್ಲೇಬೇಕು ಅಂತ ಕಾಯ್ದೆಲೇ ಬರೀಬೇಕು, ಇಷ್ಟೇ ನಾವು ಕೇಳ್ತಿರೋದು. ಕೋರ್ಟಿನವರೇ ಹಾಕ್ಬಹುದಲ್ಲ, ಕಾಯ್ದೆ ಯಾಕೆ ಅಂತ ಕೆಲವರು ಕೇಳಿದ್ರಿ. ಅವರಾಗೇ ಹಾಕಿದ್ದನ್ನ ನಾಳೆ ಅವರೇ ನಿಲ್ಲಿಸ್ಬಹುದು, ಕಾಯ್ದೆ ಇದ್ರೆ ಅದು ನಮ್ಮ ಹಕ್ಕಾಗುತ್ತೆ.

ಅಪೀಲಲ್ಲಿ ಸಾಮಾನ್ಯವಾಗಿ ಸಾಕ್ಷಿಗಳ ವಿಚಾರಣೆ ಮತ್ತೆ ನಡೆಯಲ್ಲ, ಕೆಳಗಿನ ಕೋರ್ಟಿನ ದಾಖಲೆ ಇಟ್ಕೊಂಡು ವಕೀಲರು ವಾದ ಮಾಡ್ತಾರೆ, ಎಷ್ಟೋ ಸಲ ಒಂದೇ ದಿನದಲ್ಲಿ ಮುಗಿದೋಗುತ್ತೆ, ನೋಡೋಕೆ ಬರೋ ಜನಕ್ಕೆ ಆ ದಿನ ತಪ್ಪಿದ್ರೆ ಮುಗೀತು, ಆದ್ರೆ ಅಲ್ಲಿ ಬರೋ ತೀರ್ಪು ಮುಂದಿನ ಎಷ್ಟೋ ಕೇಸುಗಳಿಗೆ ದಾರಿ ಆಗುತ್ತೆ. ವಿಶ್ವಸಂಸ್ಥೆಯ 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದದ 14ನೇ ವಿಧಿ ಬಹಿರಂಗ ವಿಚಾರಣೆ ಬೇಕು ಅನ್ನುತ್ತೆ. ದಿನಾಂಕನೇ ಗೊತ್ತಿಲ್ದೆ ಬಾಗ್ಲು ಮಾತ್ರ ತೆಗ್ದಿಟ್ರೆ ಯಾರು ಬರ್ತಾರೆ ಹೇಳಿ?

ಮಕ್ಕಳ ಕೇಸು, ಕುಟುಂಬದ ಕೇಸು ಇವುಗಳಲ್ಲಿ ಹೆಸರು ಬೇಡ, ಬರೀ ನಂಬರ್ ಸಾಕು, ಇದನ್ನ ಖಂಡಿತ ಸೇರಿಸೋಣ. ಮುಂದೂಡಿದ್ರೆ ಹಳೇ ದಿನಾಂಕ ಅಳಿಸ್ದೆ ಹೊಸದನ್ನ ಪಕ್ಕದಲ್ಲೇ ಹಾಕ್ಬೇಕು, ನನಗೆ ಇದು ತುಂಬಾ ಮುಖ್ಯ ಅನ್ಸುತ್ತೆ, ಯಾಕಂದ್ರೆ ಕೇಸು ಎಷ್ಟು ಸಲ ಮುಂದಕ್ಕೆ ಹೋಯ್ತು ಅಂತ ಆಗ್ಲೇ ಕಾಣೋದು.

ಮನವಿಯ ಕರಡು ಓದಿ, ತಿದ್ದೋದಿದ್ರೆ ಭಾನುವಾರದೊಳಗೆ ಇಲ್ಲೇ ಹಾಕಿ.