ಪೊಟ್ಟಣದಲ್ಲಿ ಏನಿದೆ ಎಂದು ಕೊಟ್ಟವನಿಗೂ ಗೊತ್ತಿಲ್ಲ

ತೀರ್ಥಹಳ್ಳಿ

ಚಿರಂಜೀವಿ ಪುಟ್ಟನಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ. ಅಡಿಕೆ ಗೊನೆಯ ಕೊಯ್ಲು ಶುರುವಾಗಿದೆ. ರಾತ್ರಿ ಅಡಿಕೆ ಸುಲಿಯುವವರ ಜೊತೆ ಕುಳಿತು ನಿನ್ನ ದೊಡ್ಡಮ್ಮನಿಗೆ ಬೆನ್ನು ಹಿಡಿದುಕೊಂಡಿದೆ ಎನ್ನುವುದು ಬಿಟ್ಟರೆ ಬೇರೆ ತೊಂದರೆ ಇಲ್ಲ.

ಮೊನ್ನೆ ಫೋನಿನಲ್ಲಿ ನಿನ್ನ ಕೋಣೆಯ ಹುಡುಗನ ವಿಷಯ ಹೇಳಿದೆಯಲ್ಲ, ಅದು ಮನಸ್ಸಿನಿಂದ ಹೋಗುತ್ತಿಲ್ಲ. ಗಾಂಜಾದಿಂದ ಹಿಡಿದು ಈಗ ಯಾವುದೋ ಪುಡಿಯವರೆಗೆ ಬಂದಿದ್ದಾನೆ, ಆದರೆ ಕೊಡುವವನು ಪರಿಚಯದವನು, ಒಳ್ಳೆಯ ಮಾಲನ್ನೇ ಕೊಡುತ್ತಾನಂತೆ ಎಂದೆ. ನೀನು ಮುಚ್ಚಿಡದೆ ಹೇಳಿದ್ದು ನನಗೆ ದೊಡ್ಡ ಸಮಾಧಾನ. ನಶೆ ಕೆಟ್ಟದ್ದು ಎಂದು ಹೇಳುವವರು ನಿನಗೆ ಬೇಕಾದಷ್ಟು ಜನ ಸಿಗುತ್ತಾರೆ. ಪರಿಚಯದವನು ಒಳ್ಳೆಯ ಮಾಲನ್ನೇ ಕೊಡುತ್ತಾನೆ ಎನ್ನುವ ಆ ನಂಬಿಕೆಯೊಂದರ ಬಗ್ಗೆಯೇ ನಾನು ಬರೆಯುತ್ತೇನೆ. ಏಕೆಂದರೆ ಅಂಥ ಪುಡಿಗಳಿಗೆ ಬೆರೆಸುವ ಔಷಧಿಗಳಲ್ಲಿ ಕೆಲವನ್ನು ಪಶು ಆಸ್ಪತ್ರೆಯಲ್ಲಿ ನನ್ನ ಕೈಯಾರೆ ದನಗಳಿಗೆ ಕೊಟ್ಟಿದ್ದೇನೆ.

ಲೆವಮಿಸೋಲ್ ಜಂತುಹುಳದ ಔಷಧಿ. ಹೊಟ್ಟೆ ಉಬ್ಬಿ, ಕೂದಲು ಒರಟಾಗಿ, ಬಡಕಲಾದ ಕರುವನ್ನು ಕರೆತಂದರೆ ತೂಕ ಅಂದಾಜು ಮಾಡಿ ಕುಡಿಸುತ್ತಿದ್ದೆವು. ಬಿಳಿ ಪುಡಿ, ಬೆಲೆಯೂ ಕಡಿಮೆ. ಕೊಕೇನಿಗೆ ಬೆರೆಸುವವನಿಗೆ ಅಷ್ಟು ಸಾಕು. 2009ರ ಹೊತ್ತಿಗೆ ಅಮೆರಿಕದಲ್ಲಿ ವಶಪಡಿಸಿಕೊಂಡ ಕೊಕೇನಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲಿನಲ್ಲಿ ಇದು ಸಿಕ್ಕಿತ್ತು. ಮನುಷ್ಯರಲ್ಲಿ ಇದು ಬಿಳಿ ರಕ್ತಕಣಗಳನ್ನು ತೀರಾ ಇಳಿಸಿಬಿಡಬಲ್ಲದು. ಆಮೇಲೆ ಗಂಟಲು ನೋವು, ಜ್ವರ ಬಂದರೂ ಪ್ರಾಣಕ್ಕೆ ಸಂಚಕಾರ. ಕೆಲವರಿಗೆ ಕಿವಿಯ ಚರ್ಮ ಕಪ್ಪಾಗಿ ಸಾಯುತ್ತದೆ.

ಕ್ಸೈಲಜಿನ್ ಇನ್ನೊಂದು. ಕೊಂಬು ಕೊಯ್ಯಬೇಕಾದ ಎತ್ತಿಗೆ ಒಂದೆರಡು ಮಿಲಿಲೀಟರ್ ಚುಚ್ಚಿದರೆ ಸ್ವಲ್ಪ ಹೊತ್ತಿಗೆ ತಲೆ ಜೋತು, ಜೊಲ್ಲು ಸುರಿಸುತ್ತ, ಮೊಣಕಾಲು ಮಡಚಿ ಕುಸಿಯುತ್ತದೆ. ಅಷ್ಟು ದೊಡ್ಡ ಪ್ರಾಣಿಯ ಎದೆಬಡಿತವೂ ಉಸಿರೂ ನಿಧಾನವಾಗುವುದನ್ನು ಪಕ್ಕದಲ್ಲೇ ಕುಳಿತು ಕಾಯುತ್ತಿದ್ದೆ. ಮನುಷ್ಯರಿಗೆ ಈ ಔಷಧಿಗೆ ಅನುಮತಿಯೇ ಇಲ್ಲ. ಅಮೆರಿಕದಲ್ಲಿ ಇದನ್ನು ಅಫೀಮಿನಂತೆ ನಶೆ ಕೊಡುವ, ಅತಿ ತೀವ್ರವಾದ ನೋವಿನ ಔಷಧಿ ಫೆಂಟನಿಲ್‌ಗೆ ಬೆರೆಸಿ ಮಾರಿದರು. 2023ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ಕಾರವೇ ಈ ಬೆರಕೆಯನ್ನು ಹೊಸ ಅಪಾಯವೆಂದು ಘೋಷಿಸಬೇಕಾಯಿತು. ಸೂಜಿ ಚುಚ್ಚದ ಜಾಗದಲ್ಲೂ ಹುಣ್ಣಾಗಿ ಮಾಂಸ ಕೊಳೆಯುತ್ತದೆ. ಉಸಿರು ನಿಂತವರಿಗೆ ಕೊಡುವ ನಲಾಕ್ಸೋನ್ ಫೆಂಟನಿಲ್‌ನ ಪರಿಣಾಮವನ್ನು ತಡೆಯುತ್ತದೆಯೇ ಹೊರತು ಇದರದ್ದನ್ನಲ್ಲ.

ಗಾಂಜಾ ಸೊಪ್ಪು ತಾನೇ ಎಂದು ನಿನ್ನ ಗೆಳೆಯ ಹೇಳಿಯಾನು. ಜರ್ಮನಿಯ ಲೈಪ್‌ಜಿಗ್‌ನಲ್ಲಿ 2007ರಲ್ಲಿ ಹೊಟ್ಟೆನೋವು, ರಕ್ತಹೀನತೆ ಎಂದು ಯುವಕರು ಒಬ್ಬರ ಹಿಂದೊಬ್ಬರು ಆಸ್ಪತ್ರೆಗೆ ಬಂದರು, ಒಟ್ಟು 29 ಜನ. ಕಾರಣ ಸೀಸ. ಗಾಂಜಾದ ತೂಕ ಹೆಚ್ಚಿಸಲು ಯಾರೋ ಸೀಸದ ಪುಡಿ ಬೆರೆಸಿದ್ದರು. ಹಳೆಯ ಬ್ಯಾಟರಿಯ ತಗಡು ನೆಕ್ಕಿದ ಹಸುವೊಂದನ್ನು ನಾನು ನೋಡಿದ್ದೇನೆ. ಕಣ್ಣು ಕಾಣದೆ, ಹಲ್ಲು ಕಡಿಯುತ್ತ, ಕೊಟ್ಟಿಗೆಯ ಗೋಡೆಗೆ ಹಣೆ ಒತ್ತಿಕೊಂಡು ನಿಂತಿತ್ತು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಕೂರುತ್ತದೆ, ಪುಟ್ಟ. ಸೇದುವುದು ಬಿಟ್ಟ ಮೇಲೂ ಅದು ಬಿಡುವುದಿಲ್ಲ.

2018ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಕೃತಕ ಗಾಂಜಾ, ಅಂದರೆ ಗಾಂಜಾದಂಥ ನಶೆಯ ರಾಸಾಯನಿಕ ಸಿಂಪಡಿಸಿದ ಸೊಪ್ಪು, ಸೇದಿದವರಿಗೆ ಮೂಗು, ಒಸಡು, ಮೂತ್ರದಲ್ಲೆಲ್ಲ ರಕ್ತ ಬರತೊಡಗಿತು. ನೂರೈವತ್ತಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಅದರಲ್ಲಿ ಇಲಿ ವಿಷವಿತ್ತು. ಅದೇ ಜಾತಿಯ ವಿಷ ನಮ್ಮ ತೋಟದ ಮನೆಗಳಲ್ಲೂ ಇರುತ್ತದೆ. ಅದನ್ನು ತಿಂದ ನಾಯಿಗೆ ಎರಡು ಮೂರು ದಿನ ಏನೂ ಆದಂತೆ ಕಾಣುವುದಿಲ್ಲ, ಆಮೇಲೆ ಒಸಡಿನಿಂದ ರಕ್ತ ಜಿನುಗುತ್ತದೆ. ವಾರಗಟ್ಟಲೆ ವಿಟಮಿನ್ ಕೆ ಕೊಟ್ಟರೆ ಮಾತ್ರ ಉಳಿಯುತ್ತದೆ. ಮನುಷ್ಯರಿಗೆ ತಿಂಗಳುಗಟ್ಟಲೆ ಬೇಕಾಗುತ್ತದೆ.

ಇದೆಲ್ಲ ಬೇರೆ ದೇಶದ ಕಥೆ ಎಂದುಕೊಳ್ಳಬೇಡ. ಅಲ್ಲಿ ಪರೀಕ್ಷೆ ಮಾಡಿ ಬರೆದಿಟ್ಟರು, ಅದರಿಂದ ನಮಗೆ ತಿಳಿಯಿತು, ಅಷ್ಟೇ. ಶಿವಮೊಗ್ಗದ ಮಂಡಿಯಲ್ಲಿ ಅಡಿಕೆಯನ್ನು ಕತ್ತರಿಸಿ ಒಳಗಿನ ಬಣ್ಣ ನೋಡಿಯೇ ದರ ಹೇಳುತ್ತಾರೆ. ಈ ಪುಡಿಯನ್ನು ಹಾಗೆ ನೋಡಿ ತಿಳಿಯುವವರು ಯಾರೂ ಇಲ್ಲ. ಪರಿಚಯದವನು ಮೋಸಗಾರ ಎಂದು ನಾನು ಹೇಳುತ್ತಿಲ್ಲ. ಅವನಿಗೆ ಕೊಟ್ಟವನು ಯಾರು, ಅವನಿಗೂ ಮೊದಲು ಎಷ್ಟು ಕೈ ದಾಟಿದೆ, ಯಾವ ಕೈ ಏನು ಸೇರಿಸಿತು ಎನ್ನುವುದು ಅವನಿಗೂ ಗೊತ್ತಿರುವುದಿಲ್ಲ. ಹೋದ ವಾರ ಏನೂ ಆಗದ ಮಾಲು ಈ ವಾರವೂ ಅದೇ ಎನ್ನಲು ಆಧಾರವಿಲ್ಲ.

ಆ ಹುಡುಗ ಎಂದಾದರೂ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ, ತುಟಿ ನೀಲಿಯಾದರೆ, ನಿದ್ದೆ ಮಾಡಿ ಸರಿಹೋಗಲಿ ಎಂದು ಬಿಡಬೇಡ. ಮಗ್ಗುಲಿಗೆ ಮಲಗಿಸಿ 108ಕ್ಕೆ ಕರೆ ಮಾಡು, ಒಬ್ಬನನ್ನೇ ಬಿಟ್ಟು ಹೋಗಬೇಡ. ಏನು ತೆಗೆದುಕೊಂಡ ಎಂದು ವೈದ್ಯರಿಗೆ ಇದ್ದದ್ದು ಇದ್ದ ಹಾಗೆ ಹೇಳು. ಪುಡಿ ಎಂದಷ್ಟೇ ಗೊತ್ತಿದ್ದರೆ ಅದನ್ನೇ ಹೇಳು. ಕಾರಣವಿಲ್ಲದ ಜ್ವರ, ಒಸಡಿನ ರಕ್ತ, ವಾಸಿಯಾಗದ ಹುಣ್ಣು ಕಂಡರೂ ಹಾಗೆಯೇ.

ಪೊಲೀಸರ ಭಯದಿಂದ ಚಿಕಿತ್ಸೆಗೆ ಹೋಗದವರೂ ಇದ್ದಾರೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮನ್ನು ಅವನಿಗೆ ತೋರಿಸು. ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ವ್ಯಸನಿಯು ತಾನಾಗಿಯೇ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಸೇರಿ ಅದನ್ನು ಪೂರ್ತಿ ಮಾಡಿದರೆ ಮೊಕದ್ದಮೆಯಿಂದ ರಕ್ಷಣೆ ಇದೆ. ಮೊದಲು ಫೋನಿನಲ್ಲಿ ಮಾತನಾಡಬೇಕು ಎಂದರೆ 14446 ಎಂಬ ಉಚಿತ ಸಹಾಯವಾಣಿ ಇದೆ.

ಬರುವ ಸೋಮವಾರ ನಾನು ಮಂಡಿಗೆ ಬರುವವನಿದ್ದೇನೆ. ಕೆಲಸ ಮುಗಿದ ಮೇಲೆ ಹಾಸ್ಟೆಲ್ ಹತ್ತಿರ ಬರುತ್ತೇನೆ, ಅವನನ್ನೂ ಊಟಕ್ಕೆ ಕರೆದುಕೊಂಡು ಬಾ. ಬೈಯುವುದಿಲ್ಲ ಎಂದು ಹೇಳು. ಒಪ್ಪಿದರೆ ಮೆಗ್ಗಾನ್ ಆಸ್ಪತ್ರೆಯ ಮಾನಸಿಕ ರೋಗ ವಿಭಾಗಕ್ಕೆ ನಾನೇ ಜೊತೆಗೆ ಹೋಗುತ್ತೇನೆ. ಅವನ ಮನೆಯವರಿಗೆ ಯಾವಾಗ ಹೇಳಬೇಕು ಎನ್ನುವುದನ್ನು ಅವನನ್ನೇ ಕೇಳಿ ತೀರ್ಮಾನಿಸೋಣ. ನಿನ್ನ ಅಪ್ಪನಿಗೆ ನಾನು ಏನೂ ಹೇಳಿಲ್ಲ.

ಇತಿ,
ನಿನ್ನ ದೊಡ್ಡಪ್ಪ