ಕೊಂಡಿಗೆ ಕತ್ತರಿ ಹಾಕಬೇಡ

ಪುಟ್ಟಿ,

ನಿನ್ನೆ ರಾತ್ರಿ ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಮತ್ತೆ ಬರೆಯೋದಿಲ್ಲ. ಭಾನುವಾರ ಮ್ಯೂನಿಕ್‌ಗೆ ಹೊರಡುವವಳು ಕೇಳಿದ್ದು ಅಜ್ಜಿಯ ಒಂದು ಹಳೇ ಇಳಕಲ್ ಸೀರೆ. ಅದರಲ್ಲಿ ಜಾಕೆಟ್ ಹೊಲಿಸ್ಕೋತೀನಿ ಅಂದಿದ್ದಕ್ಕೆ ನಾನು ಅಷ್ಟು ಕೂಗಾಡಬಾರದಿತ್ತು. ಕಾರಣ ಇದೆ, ಆದರೆ ಎದುರು ನಿಂತು ಹೇಳೋಕೆ ನನ್ನಿಂದ ಆಗಲ್ಲ.

ನಿನ್ನ ಮೊದಲ ಹುಟ್ಟುಹಬ್ಬದ ಫೋಟೋ ಇದೆಯಲ್ಲ. ಅಜ್ಜಿ ನಿನ್ನನ್ನ ತೊಡೆ ಮೇಲೆ ಕೂರಿಸಿಕೊಂಡಿದ್ದಾಳೆ. ಎಡಗೈ ತಲೆ ಮೇಲಿದೆ. ಚಿಕ್ಕವಳಿದ್ದಾಗ ನೀನು ಕೇಳ್ತಿದ್ದೆ, ಅಜ್ಜಿಗೆ ತಲೆನೋವಾ ಅಂತ. ನಾನು ಹೂಂ ಅಂತಿದ್ದೆ. ಸುಳ್ಳು ಹೇಳ್ತಿದ್ದೆ.

ಅವತ್ತು ಬೆಳಿಗ್ಗೆ ಅವ್ವ ಹುನಗುಂದದಿಂದ ರಾತ್ರಿ ಬಸ್ಸಿಗೆ ಬಂದಿದ್ದಳು. ಸ್ನಾನ ಮಾಡಿ ಹೊಸ ಸೀರೆ ಉಟ್ಟು ಹೊರಗೆ ಬಂದಳು. ಕಡುನೀಲಿ ಒಡಲು, ಕೆಂಪು ಸೆರಗು, ಸೆರಗಿನಲ್ಲಿ ಬಿಳಿ ತೆನಿಯ ಚಿತ್ತಾರ. ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ, ಮುಂದೆ ಗಂಟು ಕಟ್ಟೋದು. ತಲೆ ತುಂಬ ಸೆರಗು. ಮದುವೆಯಾದ ಹೊಸದರಲ್ಲಿ ನಿಮ್ಮಪ್ಪನ ಕಡೆಯವರೊಬ್ಬರು ನನ್ನನ್ನ ಕೇಳಿದ್ದರು, 'ನಿಮ್ಮ ಕಡೆ ಎಲ್ಲರೂ ಹಿಂಗೇ ಉಡೋದಾ?' ಅಂತ. ಅದು ಮನಸ್ಸಿನಲ್ಲಿ ಕೂತಿತ್ತು. ಇನ್ನೇನು ಜನ ಬರ್ತಾರೆ ಅನ್ನುವಾಗ ನನ್ನದೊಂದು ಪಾಲಿಯೆಸ್ಟರ್ ಸೀರೆ ಅವ್ವನ ಕೈಗೆ ಕೊಟ್ಟು, ಇದನ್ನ ಉಟ್ಕೋ ಅಂದೆ.

'ಹೊಸಾ ಸೀರಿ ಐತಿ ಯವ್ವಾ, ಇದಕ್ಕಂತನ ತಂದೀನಿ' ಅಂದಳು. ನಾನು ಸುಮ್ನೆ ನಿಂತಿದ್ದೆ. ಅವಳು ಇನ್ನೊಂದು ಮಾತು ಆಡಲಿಲ್ಲ. ಒಳಗೆ ಹೋಗಿ ಬದಲಿಸಿಕೊಂಡು ಬಂದಳು.

8 ವಾರಿ ಸೀರೆ ಉಟ್ಟ ಮೈಗೆ ಆ ಸೀರೆ ಎಲ್ಲಿ ಸಾಲುತ್ತೆ? ನನ್ನ ಹುಕ್ಕಿನ ರವಿಕೆ ಅವಳ ತೋಳಿಗೆ ಬಿಗಿಯಾಗಿತ್ತು. ಸೆರಗು ತಲೆ ಮೇಲೆ ನಿಲ್ಲಲೇ ಇಲ್ಲ, ಜಾರಿ ಜಾರಿ ಬೀಳ್ತಿತ್ತು. ಬರಿತಲೆಯಲ್ಲಿ ಬೀಗರೆದುರು ಕೂತು ಅವಳಿಗೆ ರೂಢಿ ಇರಲಿಲ್ಲ. ಕೇಕ್ ಕತ್ತರಿಸುವಾಗ, ಆರತಿ ಎತ್ತುವಾಗ, ಊಟಕ್ಕೆ ಕೂತಾಗ, ಎಡಗೈಯಲ್ಲಿ ಸೆರಗು ಒತ್ತಿ ಹಿಡಿದೇ ಇದ್ದಳು. ಎಡಗೈ ಸಂಜೆವರೆಗೂ ಕೆಳಗೆ ಬರಲಿಲ್ಲ. ನಾನು ನೋಡ್ತಾ ಇದ್ದೆ ಪುಟ್ಟಿ. ಒಂದು ಪಿನ್ ಕೂಡ ತಂದುಕೊಡಲಿಲ್ಲ. ಪಿನ್ ಹಾಕಿದರೆ ಸೆರಗು ತಲೆ ಮೇಲೇ ಉಳೀತಿತ್ತಲ್ಲ, ಅದೂ ನನಗೆ ಬೇಡವಾಗಿತ್ತು.

ಮಾರನೇ ದಿನ ನಾನು ಏಳೋದರೊಳಗೆ ಅವಳು ತನ್ನ ನೀಲಿ ಸೀರೆ ಉಟ್ಟು ಚೀಲ ಹಿಡಿದು ಕೂತಿದ್ದಳು. ಮೆಜೆಸ್ಟಿಕ್‌ಗೆ ಬಿಡಲು ಹೋದೆ. ಆ ಗದ್ದಲದಲ್ಲಿ ಯಾವ ಬಸ್ಸು ಅಂತ ನಾನು ಬೋರ್ಡು ಹುಡುಕ್ತಿದ್ದೆ. ದೂರದಿಂದಲೇ ಒಬ್ಬ ಕಂಡಕ್ಟರ್ ಕೂಗಿದ, 'ಯವ್ವಾ, ಹುನಗುಂದ ಇಳಕಲ್ಲ ಕಡಿಯಾಕೇನ? ಇಲ್ಲಿ ಬಾ, ಈ ಗಾಡಿ ಹತ್ತು.' ಅವಳು ಬಾಯಿ ಬಿಟ್ಟಿರಲಿಲ್ಲ. ಸೀರೆ ನೋಡಿಯೇ ಗುರುತು ಹಿಡಿದಿದ್ದ. ಎರಡು ದಿನದಲ್ಲಿ ಅವ್ವ ನಕ್ಕಿದ್ದನ್ನ ನಾನು ನೋಡಿದ್ದು ಆವಾಗಲೇ. ನೀನು ಕೇಳಿದ್ದು ಅದೇ ಸೀರೆ.

ಆಮೇಲೆ ಎಷ್ಟೋ ಸಲ ಊರಿಗೆ ಹೋದೆ. ತಪ್ಪಾಯ್ತು ಅನ್ನೋಕೆ ಬಾಯಿ ಬರಲಿಲ್ಲ. ಈಗ ಹೇಳೋಣ ಅಂದರೆ ಅವಳಿಲ್ಲ.

ಅವ್ವನಿಗೆ ಓದು ಬರ್ತಿರಲಿಲ್ಲ, ಸೀರೆ ಓದೋಕೆ ಬರ್ತಿತ್ತು. ದಡಿ ನೋಡಿ ಇದು ಗೋಮಿ, ಇದು ಚಿಕ್ಕಿ ಪರಾಸ, ಇದು ಗಾಡಿ ಅಂತ ಹೇಳ್ತಿದ್ದಳು. ಎರೆಹೊಲದ ಬಿಸಿಲಿಗೆ ಹತ್ತಿಯ ಒಡಲು, ಹೊಲಕ್ಕೆ ಇಳಿಯೋಕೆ ಕಚ್ಚೆ, ತಲೆಗೆ ಸೆರಗು. ಸೆರಗಿನ ತೆನಿಯೂ ಜೋಳದ ತೆನೆಯೇ. ನಿನ್ನ ಕೊಡಗಿನ ಗೆಳತಿ ನೆರಿಗೆ ಹಿಂದಕ್ಕೆ ಹಾಕೋದು ನೋಡಿದ್ದೀಯಲ್ಲ, ಕಾವೇರಿಯ ರಭಸಕ್ಕೆ ನೆರಿಗೆ ಹಿಂದೆ ಹೋಯ್ತು ಅಂತ ಅವರು ಕಥೆ ಹೇಳ್ತಾರೆ. ಬವೇರಿಯಾದ ಹೆಂಗಸರು ಲಂಗದ ಮೇಲಿನ ಏಪ್ರನ್ನಿನ ಗಂಟು ಎಡಕ್ಕೆ ಹಾಕಿದರೆ ಮದುವೆಯಾಗಿಲ್ಲ, ಬಲಕ್ಕೆ ಹಾಕಿದರೆ ಆಗಿದೆ ಅಂತ ನೀನೇ ಹೇಳಿದೆ. ಅಲ್ಲಿ ನೀನು ಏನು ಬೇಕಾದ್ರೂ ಹಾಕ್ಕೋ, ಚಳಿಗೆ ತಕ್ಕ ಹಾಗೆ ಹಾಕ್ಕೋ, ಒಳಗೆ ಉಣ್ಣೆಯದು ಮರೀಬೇಡ. ಆದರೆ ಯಾರೋ ಒಂದು ಮಾತು ಅಂದರು ಅಂತ ಮೈಮೇಲಿನ ಬಟ್ಟೆ ಬದಲಿಸಬೇಡ. ಬೇರೆಯವರ ಮೈಮೇಲಿನದನ್ನಂತೂ ಬದಲಿಸೋಕೆ ಹೇಳಲೇಬೇಡ. ಮತ್ತೆ ಪಾಠ ಶುರು ಮಾಡಿದಳು ಅಂತ ನಿನಗೆ ಸಿಟ್ಟು ಬರುತ್ತೆ, ಗೊತ್ತು. ಆದರೂ ಬರೀತೀನಿ.

ಇಷ್ಟು ಸೀರೆಗಳಲ್ಲಿ ಅದನ್ನೇ ಆರಿಸಿದೆಯಲ್ಲ, ನನಗೆ ನಿನ್ನೆಯೇ ಹೆಮ್ಮೆ ಆಗಿತ್ತು. ಅದು ಬಾಯಿಗೆ ಬರೋ ಮೊದಲೇ ಕತ್ತರಿ ಅನ್ನೋ ಮಾತು ಕೇಳಿಸಿತು.

ರಾತ್ರಿ ಸೀರೆ ಬಿಚ್ಚಿ ದೀಪಕ್ಕೆ ಹಿಡಿದು ನೋಡಿದೆ. ಮೊಣಕಾಲಿನ ಹತ್ತಿರ ಒಡಲು ಜಾಲರಿಯ ಹಾಗಾಗಿದೆ, ಉಡೋಕೆ ಆಗಲ್ಲ. ಗಟ್ಟಿ ಇರೋ ಕಡೆ ಕತ್ತರಿಸಿ ಜಾಕೆಟ್ ಹೊಲಿಸ್ಕೋ. ಆದರೆ ಒಡಲು ಮುಗಿದು ಸೆರಗು ಶುರುವಾಗೋ ಕಡೆ ಬೆರಳಾಡಿಸು. ಸಣ್ಣ ಗೆರೆ ತಾಗುತ್ತೆ. ಅದು ಕೊಂಡಿ. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹೋಗೋ ಎಳೆ, ಹತ್ತಿಯದು; ಸೆರಗಿನ ಹಾಸು ರೇಷ್ಮೆ. ಮಗ್ಗದ ಮೇಲೇ ಒಂದೊಂದು ಎಳೆಗೂ ಕುಣಿಕೆ ಹಾಕಿ ಒಂದರೊಳಗೊಂದು ಸಿಕ್ಕಿಸ್ತಾರೆ, ಹೊಲಿಗೆ ಅಲ್ಲ. ಒಂದು ಸೀರೆ ಮುಗಿದರೆ ಇನ್ನೊಂದಕ್ಕೆ ಮತ್ತೆ ಮೊದಲಿಂದ. ಅಲ್ಲಿ ಕತ್ತರಿ ತಾಗಿದರೆ ಎರಡೂ ಬಿಚ್ಚಿಕೊಳ್ಳುತ್ತೆ.

ಕೊಂಡಿಯಿಂದ ಒಂದು ಮೊಳ ಒಳಗೆ ಬಿಳಿ ದಾರದಲ್ಲಿ ಟಾಕಾ ಹಾಕಿದ್ದೀನಿ. ಅದನ್ನ ದಾಟಬೇಡ ಅಂತ ಟೈಲರ್‌ಗೆ ಹೇಳಬೇಕು. ಸಂಜೆ ಐದಕ್ಕೆ ಅಂಗಡಿ ತೆಗೀತಾನೆ. ನಾನೂ ಬರ್ತೀನಿ.

ನಿನ್ನ
ಅಮ್ಮ